ಫಾರ್ಮಸಿ ಕಾಲೇಜಿಗೆ ಹೊಸ ಟೀಚರ್ ಬಂದರು, ಸರಿ. ಅವರಿಗೆ ಪಾಠ ಮಾಡುವುದನ್ನು ಕಲಿಸುವವರು ಯಾರು?

ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡಲು ಸೇರಬೇಕೆಂದರೆ ಏನೇನು ಬೇಕು? ಬಿ.ಫಾರ್ಮ್ ಬೇಕು. ಅದರ ಮೇಲೆ ಎಂ.ಫಾರ್ಮ್ ಬೇಕು. ಒಳ್ಳೆಯ ಅಂಕ ಬೇಕು. ಮುಂದೆ ಪ್ರೊಫೆಸರ್ ಆಗಬೇಕೆಂದರೆ ಪಿಎಚ್.ಡಿ. ಮತ್ತು ಅನುಭವ ಬೇಕು. 60 ಮಂದಿ ಕೂತಿರುವ ಕ್ಲಾಸಿನ ಮುಂದೆ ನಿಂತು ಪಾಠ ಹೇಳುವುದು ನಿಮಗೆ ಗೊತ್ತಾ ಎಂಬ ಪ್ರಶ್ನೆ ಮಾತ್ರ ಈ ಪಟ್ಟಿಯಲ್ಲಿ ಇಲ್ಲ. ಇಂಟರ್‌ವ್ಯೂ ದಿನ ಕೆಲವು ಕಡೆ ಹತ್ತು ನಿಮಿಷದ ಡೆಮೊ ಕ್ಲಾಸ್ ಇರುತ್ತದೆ, ಅಷ್ಟೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಲು ಬಿ.ಎಡ್ ಮಾಡಿರಬೇಕು. ನಾಳೆ ಮಾತ್ರೆ ತಯಾರಿಸುವವರಿಗೆ, ಆಸ್ಪತ್ರೆಯಲ್ಲಿ ಡೋಸ್ ನೋಡುವವರಿಗೆ ಪಾಠ ಮಾಡಲು ಅಂಥದ್ದೇನೂ ಬೇಕಿಲ್ಲ.

ಇಂಜಿನಿಯರಿಂಗ್ ಕಾಲೇಜಿನಲ್ಲೂ ಹೀಗೇ ಅಲ್ವಾ ಅಂತ ನೀವು ಕೇಳಬಹುದು. ಸುಮಾರಾಗಿ ಹೌದು. ಆದರೆ ಫಾರ್ಮಸಿ ಟೀಚರ್ ನಿಲ್ಲಬೇಕಾದ ಜಾಗಗಳು ಮೂರು. ಕ್ಲಾಸಿನಲ್ಲಿ ನಿಲ್ಲಬೇಕು, ಬೆಂಕಿ ಮತ್ತು ದ್ರಾವಕ ಒಟ್ಟಿಗೆ ಇರುವ ಲ್ಯಾಬ್‌ನಲ್ಲಿ ನಿಲ್ಲಬೇಕು, ಕೆಲವರು ರೋಗಿಯ ಹಾಸಿಗೆ ಪಕ್ಕದಲ್ಲೂ ನಿಲ್ಲಬೇಕು. ಎಂ.ಫಾರ್ಮ್ ಓದಿನಲ್ಲಿ ಇವುಗಳಲ್ಲಿ ಒಂದಕ್ಕೂ ಟೀಚರ್ ಆಗಿ ತಯಾರಿ ಸಿಗುವುದಿಲ್ಲ.

ಟೀಚರ್‌ಗಳಿಗೆ ಬೇಡಿಕೆ ಬಂದದ್ದು ಹೇಗೆ

ನಮ್ಮ ದೇಶದಲ್ಲಿ ಫಾರ್ಮಸಿ ಓದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು 1932ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ. ಮಹಾದೇವ ಲಾಲ್ ಶ್ರಾಫ್ ಅದಕ್ಕೆ ಕಾರಣ. 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಅದರಡಿ ಹುಟ್ಟಿದ್ದು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ, ಎಲ್ಲರ ಬಾಯಲ್ಲಿ ಪಿಸಿಐ. ಯಾವ ಕಾಲೇಜಿಗೆ ಅನುಮತಿ, ಎಷ್ಟು ಸೀಟು, ಎಷ್ಟು ಟೀಚರ್ ಎಂಬುದನ್ನು ಅದೇ ನಿರ್ಧರಿಸುತ್ತದೆ.

ಈಚಿನ ವರ್ಷಗಳ ಬದಲಾವಣೆಗಳೇ ಇಲ್ಲಿ ಮುಖ್ಯ. 2008ರಲ್ಲಿ ಆರು ವರ್ಷದ ಫಾರ್ಮ್.ಡಿ. ಕೋರ್ಸ್ ಶುರುವಾಯಿತು. ಅದಕ್ಕೆ ಆಸ್ಪತ್ರೆ ಗೊತ್ತಿರುವ ಟೀಚರ್‌ಗಳು ಬೇಕಾದರು. 2017ರ ಹೊತ್ತಿಗೆ ಬಿ.ಫಾರ್ಮ್ ಸೆಮಿಸ್ಟರ್ ಪದ್ಧತಿಗೆ ಬಂತು, ದೇಶಕ್ಕೆಲ್ಲ ಒಂದೇ ಸಿಲಬಸ್ ಆಯಿತು. ಕಾಲೇಜುಗಳು ಮಿತಿ ಮೀರಿದವು ಅಂತ ಪಿಸಿಐ 2019ರಲ್ಲಿ ಐದು ವರ್ಷ ಹೊಸ ಕಾಲೇಜು ಬೇಡ ಎಂದು ನಿರ್ಣಯ ಮಾಡಿತು. ಅದು ಕೋರ್ಟಿಗೆ ಹೋಯಿತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಾಲೇಜು ನಡೆಸುವ ಹಕ್ಕಿಗೆ ತಡೆ ಹಾಕಬೇಕಾದರೆ ಕಾನೂನು ಬೇಕು, ಬರೀ ನಿರ್ಣಯ ಸಾಲದು ಎಂದಿತು. ಆ ತೀರ್ಪನ್ನು ವಕೀಲರು ಗುರುತಿಸುವುದೇ ನಮ್ಮ ಹಾಸನದ ಒಂದು ಫಾರ್ಮಸಿ ಕಾಲೇಜಿನ ಹೆಸರಿನಿಂದ. ಬಾಗಿಲು ಮತ್ತೆ ತೆರೆಯಿತು.

ಕಾಲೇಜು ಕಟ್ಟುವುದು ಸುಲಭ. ಜಾಗ ಇರುತ್ತದೆ, ದುಡ್ಡು ಇರುತ್ತದೆ. ಹತ್ತು ವರ್ಷ ಪಾಠ ಮಾಡಿದ ಟೀಚರನ್ನು ತರುವುದು ಕಷ್ಟ. ಹಾಗಾಗಿ ಹೊಸ ಕಾಲೇಜಿನಲ್ಲಿ ಹೊಸಬರೇ ಜಾಸ್ತಿ. ಹೊಸಬರಿಗೆ ಹೇಳಿಕೊಡಬೇಕಾದ ಸೀನಿಯರ್‌ಗಳು ಒಬ್ಬರೋ ಇಬ್ಬರೋ. ಅವರೂ ಇನ್‌ಸ್ಪೆಕ್ಷನ್ ಫೈಲ್‌ಗಳಲ್ಲಿ ಮುಳುಗಿರುತ್ತಾರೆ.

ಸೇರಿದ ದಿನವೇ ಹೊಸಬರು ಲೆಕ್ಕಕ್ಕೆ ಸಿಗುತ್ತಾರೆ. ಡಿಕ್ಲರೇಷನ್ ಫಾರ್ಮ್, ಆಧಾರ್, ಒರಿಜಿನಲ್ ಅಂಕಪಟ್ಟಿ, ಬಯೋಮೆಟ್ರಿಕ್‌ಗೆ ಬೆರಳು. ಕಾಲೇಜಿನ 'ಓರಿಯೆಂಟೇಷನ್' ಸಾಮಾನ್ಯವಾಗಿ ಇದರ ಮುಂದುವರಿಕೆ. ಸಂಸ್ಥಾಪಕರ ಫೋಟೊ, ವಿಷನ್, ಮಿಷನ್, ರಜೆ ನಿಯಮ, ಕೋರ್ಸ್ ಫೈಲ್ ಹೇಗಿರಬೇಕು, ಕೋರ್ಸ್‌ಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಬಿಎಗೆ ಸಿಓ-ಪಿಓ ಮ್ಯಾಪಿಂಗ್ (ಪಾಠದ ಗುರಿ ಮತ್ತು ಕೋರ್ಸಿನ ಗುರಿ ಹೊಂದಿಸುವ ಪಟ್ಟಿ) ಹೇಗೆ ತುಂಬಬೇಕು. ಮಧ್ಯಾಹ್ನ ಊಟ. ಮಾರನೇ ದಿನ ಟೈಮ್ ಟೇಬಲ್ ಕೈಗೆ ಬರುತ್ತದೆ, ಒಂಬತ್ತೂವರೆಗೆ ಕ್ಲಾಸ್.

ಬಾವಿಗೆ ತಳ್ಳಿ ಈಜು ಕಲಿಸುವ ಹಳ್ಳಿಯಲ್ಲೂ ಹುಡುಗನ ಬೆನ್ನಿಗೆ ಬೆಂಡು ಕಟ್ಟಿರುತ್ತಾರೆ, ಹಗ್ಗ ಹಿಡಿದು ದಡದಲ್ಲಿ ಮಾವ ನಿಂತಿರುತ್ತಾನೆ. ಇಲ್ಲಿ ಅದೂ ಇಲ್ಲ.

ಸಕ್ಕರೆ ಪಾಕದ ಪಾಠ

ವಿಷಯ ಗೊತ್ತಿರುವುದಕ್ಕೂ ಅದನ್ನು ಕಲಿಸುವುದಕ್ಕೂ ಎಷ್ಟು ಅಂತರ ಇದೆ ಅಂತ ನೋಡಲು ಬಿ.ಫಾರ್ಮ್ ಮೊದಲ ಸೆಮಿಸ್ಟರ್‌ನ ಲ್ಯಾಬ್‌ಗೇ ಹೋಗೋಣ. ಪಿಸಿಐ ಸಿಲಬಸ್‌ನ ಪ್ರಕಾರ ಮಕ್ಕಳು ಅಲ್ಲಿ ಮಾಡುವ ಮೊದಮೊದಲ ಔಷಧಿಗಳಲ್ಲಿ ಸಿಂಪಲ್ ಸಿರಪ್ ಒಂದು. ಔಷಧಿಗಳ ಗುಣಮಟ್ಟ ನಿಗದಿ ಮಾಡುವ ಅಧಿಕೃತ ಗ್ರಂಥ ಇಂಡಿಯನ್ ಫಾರ್ಮಕೋಪಿಯಾದ 1966ರ ಆವೃತ್ತಿಯ ಸೂತ್ರ ಅದು. 667 ಗ್ರಾಂ ಸಕ್ಕರೆ, ಒಟ್ಟು 1000 ಗ್ರಾಂ ಆಗುವಷ್ಟು ನೀರು. ಬಿಸಿ ಮಾಡು, ಕಲಕು, ತೂಕ ಸರಿಮಾಡು, ಬಾಟಲಿಗೆ ಹಾಕು, ಲೇಬಲ್ ಅಂಟಿಸು. ಅಡುಗೆಮನೆಯಲ್ಲಿ ಜಾಮೂನಿನ ಪಾಕ ಮಾಡಿದವರಿಗೆ ಇದರಲ್ಲೇನಿದೆ ಅನಿಸುತ್ತದೆ.

ಹೊಸ ಟೀಚರ್ ಏನು ಮಾಡುತ್ತಾರೆ? ತಾವು ವಿದ್ಯಾರ್ಥಿಯಾಗಿದ್ದಾಗ ತಮ್ಮ ಟೀಚರ್ ಮಾಡಿದ್ದನ್ನೇ ಮಾಡುತ್ತಾರೆ. ಬೋರ್ಡಿನ ಮೇಲೆ ವಿಧಾನ ಬರೆಯುತ್ತಾರೆ. ಮಕ್ಕಳು ರೆಕಾರ್ಡ್‌ಗೆ ಇಳಿಸಿಕೊಳ್ಳುತ್ತಾರೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, "ಎಷ್ಟು ಪರ್ಸೆಂಟ್?" ಅಂತ ಕೇಳುತ್ತಾರೆ. "66.7 ಸರ್." ಸಹಿ ಬೀಳುತ್ತದೆ, ಮುಂದಿನ ಪ್ರಯೋಗ.

ಆದರೆ ಪಾಠ ಇರುವುದು ಆ ಸಂಖ್ಯೆ ಯಾಕೆ ಅದೇ ಎಂಬುದರಲ್ಲಿ. ಸಕ್ಕರೆ ಅಷ್ಟು ಗಟ್ಟಿಯಾಗಿದ್ದರೆ ಬೂಷ್ಟಿಗೆ ಬೆಳೆಯಲು ನೀರು ಸಿಗುವುದಿಲ್ಲ, ಪಾಕ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ. ಜಾಸ್ತಿಯಾದರೆ ಆರಿದ ಮೇಲೆ ಹರಳುಗಟ್ಟುತ್ತದೆ, ಮುಚ್ಚಳ ಕಚ್ಚಿಕೊಳ್ಳುತ್ತದೆ. ತುಂಬಾ ಹೊತ್ತು ಕುದಿಸಿದರೆ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಬಣ್ಣ ತಿರುಗುತ್ತದೆ. ಸೂತ್ರದಲ್ಲಿ ಲೆಕ್ಕ ತೂಕದ್ದು, ಆದರೆ ಮಕ್ಕಳ ಕೈ ಅಭ್ಯಾಸಬಲದಿಂದ ಅಳತೆ ಜಾಡಿಗೆ ಹೋಗುತ್ತದೆ. 1000 ಗ್ರಾಂ ಅಂದರೆ ಒಂದು ಲೀಟರ್ ಅಂತ ಅಂದುಕೊಂಡುಬಿಡುತ್ತಾರೆ. ಈ ತಪ್ಪನ್ನು ಮಕ್ಕಳು ಮಾಡಿಯೇ ಮಾಡುತ್ತಾರೆ ಅಂತ ಮೊದಲೇ ಗೊತ್ತಿರುವವರು ಅನುಭವಿ ಟೀಚರ್. ಅವರು ಒಂದು ಗುಂಪಿಗೆ ಬೇಕಂತಲೇ ಅರ್ಧ ಸಕ್ಕರೆಯ ಪಾಕ ಮಾಡಿಸುತ್ತಾರೆ. ಅದನ್ನು ಕಿಟಕಿ ಪಕ್ಕ ಇಡಿಸುತ್ತಾರೆ. ಮುಂದಿನ ವಾರಗಳಲ್ಲಿ ಏನಾಗುತ್ತದೆ ನೋಡಿ ಅಂತ ಬಿಡುತ್ತಾರೆ.

ವಿಷಯದ ಜ್ಞಾನ ಬೇರೆ, ಆ ವಿಷಯದಲ್ಲಿ ಕಲಿಯುವವರು ಎಲ್ಲಿ ಎಡವುತ್ತಾರೆ ಎಂಬ ಜ್ಞಾನ ಬೇರೆ ಅಂತ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲೇ ವಾದಿಸಿದರು. ಎರಡನೆಯದು ಪುಸ್ತಕದಲ್ಲಿ ಸಿಗುವುದು ಕಡಿಮೆ. ಪಕ್ಕದ ಟೇಬಲ್‌ನ ಸೀನಿಯರ್ ತಲೆಯಲ್ಲಿ ಇರುತ್ತದೆ. ಅದನ್ನು ಕೇಳಿ ಪಡೆಯಲು ಸಮಯ ಮತ್ತು ಸಲುಗೆ ಎರಡೂ ಬೇಕು.

ಪಾಕದ ಉದಾಹರಣೆಯನ್ನು ಸುಮ್ನೆ ತೆಗೆದುಕೊಳ್ಳಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಸತ್ತರು. ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ದ್ರಾವಕ ಸೇರಿತ್ತು. ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆಯ ಪರೀಕ್ಷೆಯಲ್ಲಿ ಅದರ ಪ್ರಮಾಣ 48.6 ಶೇಕಡ. ಇರಬಹುದಾದ ಮಿತಿ 0.1 ಶೇಕಡ. ಇದೇ ರಾಸಾಯನಿಕ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಫಾರ್ಮಸಿ ಓದಿದವರೆಲ್ಲ ಅದನ್ನು ಓದಿಯೇ ಪಾಸಾಗಿರುತ್ತಾರೆ. ಛಿಂದ್ವಾಡಾದ ಸಾವಿಗೆ ಟೀಚರ್‌ಗಳು ಹೊಣೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ತಯಾರಕರ ತಪ್ಪು, ತಪಾಸಣೆಯ ತಪ್ಪು ಬೇಕಾದಷ್ಟಿವೆ. ಆದರೆ ಡ್ರಮ್ಮಿನಲ್ಲಿ ಬಂದ ದ್ರಾವಕವನ್ನು ಪರೀಕ್ಷೆ ಮಾಡದೆ ಬಳಸಬಾರದು ಎಂಬುದು ಮಾರ್ಕ್ಸ್‌ಗಾಗಿ ಬಾಯಿಪಾಠ ಮಾಡಿದ ವಾಕ್ಯವಾಗಿ ಉಳಿಯುತ್ತದೋ, ಕೈಗೆ ಅಂಟಿದ ಅಭ್ಯಾಸವಾಗುತ್ತದೋ ಎಂಬುದು ಬಹಳಷ್ಟು ಮಟ್ಟಿಗೆ ಕಾಲೇಜಿನ ಲ್ಯಾಬ್‌ನಲ್ಲಿ ತೀರ್ಮಾನವಾಗುತ್ತದೆ.

ಲ್ಯಾಬ್ ಎಂಬ ಇನ್ನೊಂದು ಲೋಕ

ಎಂ.ಫಾರ್ಮ್‌ನ ಎರಡು ವರ್ಷದಲ್ಲಿ ಎರಡನೇ ವರ್ಷ ಹೆಚ್ಚುಕಡಿಮೆ ಪೂರ್ತಿ ಸಂಶೋಧನೆಗೆ ಹೋಗುತ್ತದೆ. ಒಂದು ಔಷಧ, ಒಂದು ಪ್ರಶ್ನೆ, ಒಂದು ಥೀಸಿಸ್. ಈಗ ಬಹಳ ಜನ ಕಂಪ್ಯೂಟರ್‌ನಲ್ಲೇ ಡಾಕಿಂಗ್ (ಔಷಧದ ಅಣು ದೇಹದ ಪ್ರೋಟೀನಿಗೆ ಹೇಗೆ ಕೂರುತ್ತದೆ ಎಂಬ ಲೆಕ್ಕಾಚಾರ) ಮಾಡಿ ಮುಗಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಅಂಥವರು ಸೇರಿದ ಮೊದಲ ವಾರವೇ ಗಿಡಮೂಲಿಕೆ ಔಷಧಿಗಳ ಫಾರ್ಮಕಾಗ್ನಸಿ ಲ್ಯಾಬ್‌ನಲ್ಲಿ, ದ್ರಾವಕ ಕಾಯಿಸಿ ಸತ್ವ ತೆಗೆಯುವ ಸಾಕ್ಸ್‌ಲೆಟ್ ಉಪಕರಣ ಹಚ್ಚಿ ಇಪ್ಪತ್ತು ಮಕ್ಕಳನ್ನು ನೋಡಿಕೊಳ್ಳಬೇಕು. ಪೆಟ್ರೋಲಿಯಂ ಈಥರ್ ಬೇಗ ಹೊತ್ತಿಕೊಳ್ಳುವ ದ್ರಾವಕ. ಪಕ್ಕದ ಟೇಬಲ್‌ನಲ್ಲಿ ಬರ್ನರ್ ಉರಿಯುತ್ತಿದೆಯಾ, ಕಂಡೆನ್ಸರ್‌ಗೆ ನೀರು ಹರಿಯುತ್ತಿದೆಯಾ, ಯಾರಾದರೂ ಉಪಕರಣವನ್ನು ಹಾಗೇ ಬಿಟ್ಟು ಊಟಕ್ಕೆ ಹೋದರಾ ಅಂತ ನೋಡುವುದು ಒಂದು ಅಭ್ಯಾಸ. ಅದನ್ನು ಯಾರಾದರೂ ಹೇಳಿಕೊಡಬೇಕು.

ಬಹಳ ಕಾಲೇಜುಗಳಲ್ಲಿ ಇದನ್ನು ನಿಜವಾಗಿ ಹೇಳಿಕೊಡುವವರು ಯಾರು ಗೊತ್ತಾ? ಲ್ಯಾಬ್ ಅಟೆಂಡರ್. ಯಾವ ಓವನ್‌ನ ಥರ್ಮಾಮೀಟರ್ ಸುಳ್ಳು ಹೇಳುತ್ತದೆ, ಯಾವ ತಕ್ಕಡಿ ಒದ್ದೆ ದಿನ ತಪ್ಪು ತೋರಿಸುತ್ತದೆ, ಆಲ್ಕೋಹಾಲ್ ಸ್ಟಾಕ್ ರಿಜಿಸ್ಟರ್‌ನಲ್ಲಿ ಏನು ಬರೆಯಬೇಕು, ಎಲ್ಲ ಅವರಿಗೆ ಗೊತ್ತು. ಅಬಕಾರಿ ಲೈಸೆನ್ಸ್ ಮೇಲೆ ಬರುವ ಆಲ್ಕೋಹಾಲ್‌ಗೆ ಲೆಕ್ಕ ತಪ್ಪಿದರೆ ತಲೆನೋವು ಲ್ಯಾಬ್ ಇನ್‌ಚಾರ್ಜ್‌ಗೆ. ಮೊದಲ ವಾರದ ಓರಿಯೆಂಟೇಷನ್‌ನಲ್ಲಿ ಅರ್ಧ ದಿನ ಅಟೆಂಡರ್ ಜೊತೆ ಲ್ಯಾಬ್ ಸುತ್ತುವುದನ್ನು ಸೇರಿಸಿದರೆ ವಿಷನ್-ಮಿಷನ್ ಸ್ಲೈಡಿಗಿಂತ ಹೆಚ್ಚು ಪ್ರಯೋಜನ. ಖರ್ಚೂ ಇಲ್ಲ.

ಔಷಧಿ ದೇಹದಲ್ಲಿ ಏನು ಮಾಡುತ್ತದೆ ಅಂತ ಕಲಿಸುವ ಫಾರ್ಮಕಾಲಜಿ ಕಡೆ ತೊಂದರೆ ಬೇರೆ ಥರ. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಸಾಫ್ಟ್‌ವೇರ್ ಮತ್ತು ವಿಡಿಯೊ ಮೂಲಕವೇ ತೋರಿಸಬೇಕು ಅಂತ ಸಿಲಬಸ್ ಸ್ಪಷ್ಟವಾಗಿ ಹೇಳುತ್ತದೆ. ಒಳ್ಳೆಯದೇ ಆಯಿತು. ಮೊಲದ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲವಾಗುವುದನ್ನು ಈಗ ಪರದೆಯ ಮೇಲೆ ನೋಡಬಹುದು. ಆದರೆ ಸಾಫ್ಟ್‌ವೇರ್ ಹಚ್ಚಿ ಸುಮ್ಮನೆ ಕೂತರೆ ನಾಲ್ಕು ಗಂಟೆಯ ಪ್ರಾಕ್ಟಿಕಲ್ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಮೊಬೈಲ್. ಗೊತ್ತಿಲ್ಲದ ಔಷಧಿಯೊಂದನ್ನು ಕೊಟ್ಟು, ಗ್ರಾಫ್ ನೋಡಿ ಇದು ಯಾವುದಿರಬಹುದು ಅಂತ ವಾದಿಸಲು ಬಿಟ್ಟರೆ ಅದೇ ಸಾಫ್ಟ್‌ವೇರ್ ಒಳ್ಳೆಯ ಪಾಠವಾಗುತ್ತದೆ. ಅದು ಟೀಚರ್ ಕೈಯಲ್ಲಿದೆ. ಆದರೆ ಹೀಗೂ ಮಾಡಬಹುದು ಅಂತ ಅವರು ಎಲ್ಲಾದರೂ ನೋಡಿರಬೇಕಲ್ಲ?

ಇನ್ನು ಆಸ್ಪತ್ರೆ. ಫಾರ್ಮ್.ಡಿ. ನಡೆಸಲು ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯ ನಂಟು ಬೇಕು. ಕೊನೆಯ ವರ್ಷದ ಇಂಟರ್ನ್‌ಶಿಪ್‌ನಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್, ಎರಡೆರಡು ತಿಂಗಳಂತೆ ಬೇರೆ ಮೂರು ವಿಭಾಗ. ಮಕ್ಕಳನ್ನು ವಾರ್ಡಿಗೆ ಕರೆದುಕೊಂಡು ಹೋಗುವ ಹೊಸ ಟೀಚರ್‌ಗೆ ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ. ರೌಂಡ್ಸ್‌ನಲ್ಲಿ ಸೀನಿಯರ್ ಡಾಕ್ಟರ್ ತಿರುಗಿ, "ನೀವ್ಯಾರಮ್ಮ?" ಅಂತ ಕೇಳಿದರೆ ಏನು ಹೇಳಬೇಕು? ಕೇಸ್ ಶೀಟ್ ಮುಟ್ಟಬಹುದಾ? ಎರಡು ಔಷಧಿ ಒಂದಕ್ಕೊಂದು ಆಗಿಬರುವುದಿಲ್ಲ ಅಂತ ಕಂಡರೆ ಎಲ್ಲರ ಮುಂದೆ ಹೇಳಬೇಕಾ, ಆಮೇಲೆ ಹೇಳಬೇಕಾ, ಯಾರಿಗೆ ಹೇಳಬೇಕು? ಸಿಸ್ಟರ್ ಜೊತೆ ಹೇಗಿರಬೇಕು? ಇವಕ್ಕೆ ಸಿಲಬಸ್‌ನಲ್ಲಿ ಉತ್ತರ ಇಲ್ಲ. ಮೈಸೂರು, ಊಟಿಯಂಥ ಕಡೆ 1990ರ ದಶಕದಲ್ಲೇ ಫಾರ್ಮಸಿ ಪ್ರಾಕ್ಟೀಸ್ ಎಂ.ಫಾರ್ಮ್ ಶುರುವಾಗಿ, ಡಾಕ್ಟರ್‌ಗಳಿಗೂ ಫಾರ್ಮಸಿಸ್ಟ್‌ಗಳಿಗೂ ವರ್ಷಗಟ್ಟಲೆ ಒಡನಾಟ ಬೆಳೆದಿದೆ. ಹೊಸ ಕಾಲೇಜಿನಲ್ಲಿ ಆ ಒಡನಾಟ ಒಪ್ಪಂದದ ಕಾಗದದಲ್ಲಿ ಮಾತ್ರ ಇರುತ್ತದೆ. ಅಲ್ಲಿ ಪ್ರಿನ್ಸಿಪಾಲರೋ ಎಚ್‌ಓಡಿಯೋ ಜೊತೆಗೆ ಹೋಗಿ, "ಇವರು ನಮ್ಮ ಹೊಸ ಟೀಚರ್, ದಿನಾ ರೌಂಡ್ಸ್‌ಗೆ ಬರುತ್ತಾರೆ" ಅಂತ ಯೂನಿಟ್ ಮುಖ್ಯಸ್ಥರಿಗೆ ಪರಿಚಯ ಮಾಡಿಕೊಡುವುದಕ್ಕಿಂತ ದೊಡ್ಡ ಓರಿಯೆಂಟೇಷನ್ ಇಲ್ಲ.

ವಾರ್ಡಿನಲ್ಲಿ ಕಾಲೂರಲು ಒಂದು ಸುಲಭದ ದಾರಿಯೂ ಇದೆ. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ, ಅದರ ಕೇಂದ್ರ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಮೆಡಿಕಲ್ ಕಾಲೇಜುಗಳಲ್ಲಿ ಅದರ ಘಟಕಗಳಿವೆ. ಹೊಸ ಟೀಚರ್ ತನ್ನ ಮಕ್ಕಳ ಜೊತೆ ಕೂತು ಅಡ್ಡಪರಿಣಾಮದ ಫಾರ್ಮ್ ತುಂಬಲು ಶುರು ಮಾಡಿದರೆ ಡಾಕ್ಟರ್‌ಗಳಿಗೆ ಇವರು ಬಂದದ್ದು ಯಾಕೆ ಅಂತ ತಾನಾಗಿ ಅರ್ಥವಾಗುತ್ತದೆ.

ಸರ್ಟಿಫಿಕೇಟಿಗೆ ಬರವಿಲ್ಲ

ಟೀಚರ್ ತರಬೇತಿ ಅಂದರೆ ಈಗ ಎಲ್ಲರ ಬಾಯಲ್ಲಿ ಬರುವುದು ಎಫ್‌ಡಿಪಿ, ಅಂದರೆ ಫ್ಯಾಕಲ್ಟಿ ಡೆವಲಪ್‌ಮೆಂಟ್ ಪ್ರೋಗ್ರಾಂ. ಐದು ದಿನದ ಆನ್‌ಲೈನ್ ಎಫ್‌ಡಿಪಿ, ದಿನಕ್ಕೆರಡು ಉಪನ್ಯಾಸ, ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್, ಅದು ತುಂಬಿದರೆ ಸರ್ಟಿಫಿಕೇಟ್. ಕೋವಿಡ್ ಕಾಲದಲ್ಲಿ ಇದು ಹಬ್ಬಿತು. ವಿಷಯಗಳೋ, ನ್ಯಾನೊ ಔಷಧ, ಕೃತಕ ಬುದ್ಧಿಮತ್ತೆ, ಪೇಟೆಂಟ್ ಬರೆಯುವುದು. ಎಲ್ಲ ಒಳ್ಳೆಯವೇ. ಆದರೆ ಪ್ರಶ್ನೆಪತ್ರಿಕೆ ತೆಗೆಯುವುದು ಹೇಗೆ, ಹಿಂದಿನ ಬೆಂಚಿನಲ್ಲಿ ಇಂಗ್ಲಿಷ್ ಅರ್ಥವಾಗದೆ ಕೂತಿರುವ ಹುಡುಗನನ್ನು ಪಾಠದೊಳಗೆ ತರುವುದು ಹೇಗೆ ಎಂಬ ಎಫ್‌ಡಿಪಿ ಹುಡುಕಿದರೂ ಅಪರೂಪ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲಿಗೆ ಸರ್ಟಿಫಿಕೇಟ್ ಸಂಖ್ಯೆ ಬೇಕು, ಅಷ್ಟು ಸಿಗುತ್ತದೆ.

ಗಟ್ಟಿ ಪ್ರಯತ್ನಗಳೂ ನಡೆದಿವೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಹೊಸ ಟೀಚರ್‌ಗಳಿಗಾಗಿ ಎಂಟು ಮಾಡ್ಯೂಲ್‌ಗಳ ಕೋರ್ಸನ್ನು 'ಸ್ವಯಂ' ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯಲ್ಲಿ ತಂದಿತು. ಆದರೆ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಫಾರ್ಮಸಿ ಓದಿನ ವಿಷಯದಲ್ಲಿ ಪಿಸಿಐ ಮಾತೇ ಕೊನೆಯದು ಎಂದಿತು. ಅನುಮತಿಯೇ ಆ ಕಡೆಯಿಂದ ಬರಬೇಕಿಲ್ಲ ಅಂದ ಮೇಲೆ ಎಐಸಿಟಿಇ ಕೋರ್ಸಿಗೆ ಫಾರ್ಮಸಿ ಕಾಲೇಜಿನಲ್ಲಿ ಎಷ್ಟು ತೂಕ ಉಳಿದೀತು? ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2019ರಲ್ಲಿ 'ಗುರು ದಕ್ಷತಾ' ಹೆಸರಿನಲ್ಲಿ ಹೊಸ ಟೀಚರ್‌ಗಳಿಗೆ ಒಂದು ತಿಂಗಳ ಇಂಡಕ್ಷನ್ ತರಬೇತಿ ರೂಪಿಸಿತು. ಬಡ್ತಿಗೆ ಅದು ಲೆಕ್ಕಕ್ಕೆ ಬರುತ್ತದೆ. ಆದರೆ ಯುಜಿಸಿ ಬಡ್ತಿಯ ಏಣಿಯೇ ಇಲ್ಲದ ಖಾಸಗಿ ಕಾಲೇಜಿನ ಟೀಚರನ್ನು ಒಂದು ತಿಂಗಳು ಯಾರು ಬಿಡುತ್ತಾರೆ?

ಪಕ್ಕದ ಮನೆ ಕಡೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆದವರು ಅಸೋಸಿಯೇಟ್ ಆಗಬೇಕಾದರೆ ಪಾಠ ಮಾಡುವ ವಿಧಾನದ ಬೇಸಿಕ್ ಕೋರ್ಸ್ ಮುಗಿಸಿರಬೇಕು ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್‌ನ ನಿಯಮ ಹೇಳುತ್ತದೆ. ಪ್ರತಿ ಕಾಲೇಜಿನಲ್ಲಿ ಮೆಡಿಕಲ್ ಎಜುಕೇಷನ್ ಯೂನಿಟ್ ಇರಬೇಕು. ಬೇಸಿಕ್ ಕೋರ್ಸ್ ಇರುವುದು ಮೂರೇ ದಿನ. ಮೂರು ದಿನದಲ್ಲಿ ಯಾರೂ ಒಳ್ಳೆಯ ಟೀಚರ್ ಆಗುವುದಿಲ್ಲ, ನಿಜ. ಆದರೆ ಅಲ್ಲಿ ಸಹೋದ್ಯೋಗಿಗಳ ಮುಂದೆ ಐದು ನಿಮಿಷ ಪಾಠ ಮಾಡಿ, ಅವರಿಂದ ಟೀಕೆ ಕೇಳಿಸಿಕೊಳ್ಳಬೇಕು. ಪಾಠ ಮಾಡುವುದೂ ಕಲಿಯಬೇಕಾದ ಕೆಲಸ ಅಂತ ಒಂದು ವೃತ್ತಿ ಒಪ್ಪಿಕೊಂಡಿದೆ, ಅದು ದೊಡ್ಡದು. ನಮ್ಮ ರಾಜ್ಯದಲ್ಲಿ ಎಷ್ಟೋ ಫಾರ್ಮಸಿ ಕಾಲೇಜುಗಳು ಮೆಡಿಕಲ್ ಕಾಲೇಜಿನ ಕಾಂಪೌಂಡಿನಲ್ಲೇ ಇವೆ. ಎರಡೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಡಿ ಇರುವುದೂ ಉಂಟು. ಗೋಡೆ ಆಚೆ ಇರುವ ಎಜುಕೇಷನ್ ಯೂನಿಟ್‌ಗೆ ಫಾರ್ಮಸಿಯ ಹೊಸಬರನ್ನು ಕಳಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಅಮೆರಿಕದಲ್ಲಿ ಫಾರ್ಮ್.ಡಿ. ಮುಗಿಸಿ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುವವರಿಗೆ ಜೊತೆಯಲ್ಲೇ ಪಾಠ ಮಾಡುವ ಸರ್ಟಿಫಿಕೇಟ್ ಕೋರ್ಸ್ ಎಷ್ಟೋ ಕಡೆ ಇದೆ. ಟೀಚರ್ ಆಗುವ ಮೊದಲೇ ಒಂದಷ್ಟು ಕೈ ಪಳಗಿರುತ್ತದೆ. ನಮ್ಮಲ್ಲಿ ಎಂ.ಫಾರ್ಮ್ ವಿದ್ಯಾರ್ಥಿಗಳನ್ನು ಬಿ.ಫಾರ್ಮ್ ಪ್ರಾಕ್ಟಿಕಲ್‌ಗೆ ನಿಲ್ಲಿಸುವ ರೂಢಿ ಕೆಲವು ಕಡೆ ಇದೆ. ಅದು ಸಾಮಾನ್ಯವಾಗಿ ಟೀಚರ್ ರಜೆ ಹಾಕಿದ ದಿನದ ಅಡ್ಜಸ್ಟ್‌ಮೆಂಟ್. ಅದನ್ನೇ ಸರಿಯಾಗಿ ರೂಪಿಸಿ, ಒಬ್ಬ ಸೀನಿಯರ್ ಹಿಂದೆ ನಿಂತು ನೋಡುವಂತೆ ಮಾಡಿದರೆ ಅರ್ಧ ಕೆಲಸ ಆದಂತೆ.

ಲೆಕ್ಕ ಇರುವುದು ಟೈಮ್ ಟೇಬಲ್‌ನಲ್ಲಿ

ನನ್ನ ಪ್ರಕಾರ ಹೊಸ ಟೀಚರ್‌ಗೆ ಕಾಲೇಜು ಕೊಡುವ ನಿಜವಾದ ಓರಿಯೆಂಟೇಷನ್ ಅಂದರೆ ಮೊದಲ ಸೆಮಿಸ್ಟರ್‌ನ ಟೈಮ್ ಟೇಬಲ್. ಬೇರೆಲ್ಲ ಅದರ ಮೇಲಿನ ಅಲಂಕಾರ.

ಸ್ವಲ್ಪ ಲೆಕ್ಕ ಹಾಕೋಣ. ಬಿ.ಫಾರ್ಮ್‌ನ ಒಂದು ಥಿಯರಿ ವಿಷಯಕ್ಕೆ ಸಿಲಬಸ್‌ನಲ್ಲಿ 45 ಗಂಟೆ. ಮೊದಲ ಸಲ ಪಾಠ ಮಾಡುವವರಿಗೆ ಒಂದು ಗಂಟೆಗೆ ಮೂರು ಗಂಟೆ ತಯಾರಿ ಬೇಕು ಅಂತ ಇಟ್ಟುಕೊಳ್ಳಿ. ಒಂದು ವಿಷಯಕ್ಕೆ 135 ಗಂಟೆ ಆಯಿತು. ಎರಡು ವಿಷಯ ಕೊಟ್ಟರೆ 270. ಸೆಮಿಸ್ಟರ್‌ಗೆ 100 ಕೆಲಸದ ದಿನ ಅಂದರೆ ದಿನಕ್ಕೆ ಎರಡೂಮುಕ್ಕಾಲು ಗಂಟೆ ಬರೀ ತಯಾರಿಗೆ. ಇದರ ಮೇಲೆ ಪ್ರಾಕ್ಟಿಕಲ್ ಬ್ಯಾಚ್‌ಗಳು, ರೆಕಾರ್ಡ್ ತಿದ್ದುವುದು, ಸೆಷನಲ್ ಪೇಪರ್, ಮೆಂಟರ್ ಫೈಲ್, ಕಾಲೇಜ್ ಡೇ ಕಮಿಟಿ. ಹೊಸಬರು ಇಲ್ಲ ಅನ್ನುವುದಿಲ್ಲ ಅಂತ ಕಮಿಟಿ ಕೆಲಸವೆಲ್ಲ ಅವರ ತಲೆಗೇ. ಆಗ ಏನಾಗುತ್ತದೆ? ಸೀನಿಯರ್‌ನ ಹಳೆ ಪಿಪಿಟಿ ಬರುತ್ತದೆ. ಅದನ್ನು ಓದುತ್ತಾರೆ. ಮಕ್ಕಳು ಫೋಟೊ ತೆಗೆದುಕೊಳ್ಳುತ್ತಾರೆ. ಎರಡು ವರ್ಷ ಹೀಗೆ ಕಳೆದರೆ ಅದೇ ಅಭ್ಯಾಸ, ಆಮೇಲೆ ಬಿಡಿಸುವುದು ಕಷ್ಟ.

ಮೊದಲ ಸೆಮಿಸ್ಟರ್‌ನಲ್ಲಿ ಒಂದೇ ಥಿಯರಿ, ಎರಡು ಪ್ರಾಕ್ಟಿಕಲ್ ಬ್ಯಾಚ್ ಕೊಟ್ಟರೆ? ವಾರಕ್ಕೆ ಹನ್ನೊಂದು ಹನ್ನೆರಡು ಗಂಟೆ. ಯುಜಿಸಿ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ 16 ಗಂಟೆ. ಅಂದರೆ ಕೊರತೆ ನಾಲ್ಕೈದು ಗಂಟೆ, ಒಂದು ಪ್ರಾಕ್ಟಿಕಲ್ ಬ್ಯಾಚಿನಷ್ಟು. ಒಂದು ಕಾಲೇಜಿಗೆ ವರ್ಷದಲ್ಲಿ ಮೂವರು ಹೊಸಬರು ಬಂದರೆ ಸೇರಿಸಿ ಒಬ್ಬ ಟೀಚರ್‌ನ ಕೆಲಸವೂ ಆಗುವುದಿಲ್ಲ, ಅದೂ ಒಂದೇ ಸೆಮಿಸ್ಟರ್‌ಗೆ. ಇದು ತಡೆಯಲಾರದ ಖರ್ಚಲ್ಲ. ಆದರೆ ಪಿಸಿಐ ಹೇಳಿದ ಕನಿಷ್ಠ ಸಂಖ್ಯೆಯ ಮೇಲೆ ಒಬ್ಬರೂ ಜಾಸ್ತಿ ಇಲ್ಲದ ಕಾಲೇಜಿನಲ್ಲಿ ಆ ಹೊರೆ ಬೇರೆ ಟೀಚರ್‌ಗಳ ಮೇಲೆ ಬೀಳುತ್ತದೆ. ಅವರ ಮುಖ ಸಣ್ಣಗಾಗುತ್ತದೆ. ಆಗ ಹೊಸಬರಿಗೆ ಕಲಿಸುವ ಮನಸ್ಸೂ ಅವರಿಗಿರುವುದಿಲ್ಲ.

ಮಿಕ್ಕ ಸಮಯದಲ್ಲಿ ಏನು ಮಾಡಬೇಕು? ವಾರಕ್ಕೊಂದು ಸಲ ಒಳ್ಳೆಯ ಟೀಚರ್ ಎಂದು ಹೆಸರಾದವರ ಕ್ಲಾಸಿನಲ್ಲಿ ಹಿಂದೆ ಕೂರಬೇಕು. ತನ್ನ ಕ್ಲಾಸಿಗೆ ಒಬ್ಬರನ್ನು ಕರೆಯಬೇಕು. ಬಂದವರು ನೋಡಿದ್ದನ್ನು ಟೀಚರ್‌ಗೆ ಮಾತ್ರ ಹೇಳಬೇಕು, ಪ್ರಿನ್ಸಿಪಾಲರಿಗಲ್ಲ. ಅಪ್ರೈಸಲ್‌ಗೆ ಸೇರುತ್ತದೆ ಅಂತ ಗೊತ್ತಾದರೆ ಆ ದಿನ ನಾಟಕ ನಡೆಯುತ್ತದೆ, ಪಾಠ ಅಲ್ಲ.

ಇಂಟರ್ನಲ್ಸ್ ಅಂಕ ಕೊಡುವುದನ್ನೂ ಕೂತು ಹೇಳಿಕೊಡಬೇಕು. ಥಿಯರಿಗೆ 25 ಇಂಟರ್ನಲ್, 75 ಪರೀಕ್ಷೆಗೆ. ಆ 25ರಲ್ಲಿ 10 ನಿರಂತರ ಮೌಲ್ಯಮಾಪನಕ್ಕೆ: ಹಾಜರಿಗೆ 4, ಚಟುವಟಿಕೆಗೆ 3, ಟೀಚರ್ ಜೊತೆಗಿನ ಒಡನಾಟಕ್ಕೆ 3. ಒಡನಾಟಕ್ಕೆ 3 ಅಂಕ ಅಂದರೆ ಏನು ಅಂತ ಹೊಸಬರಿಗೆ ಯಾರೂ ವಿವರಿಸುವುದಿಲ್ಲ. ಹಾಗಾಗಿ ನಗುಮುಖದ ಹುಡುಗಿಗೆ 3, ಮೂಲೆಯಲ್ಲಿ ಸುಮ್ಮನಿರುವ ಹುಡುಗನಿಗೆ 1. ಕೆಲವೊಮ್ಮೆ ಎಲ್ಲರಿಗೂ 3, ಅದು ಇನ್ನೂ ಸುಲಭ.

ನಾಲ್ಕು ಟೀಚರ್ ಕೂತು ಹತ್ತು ಉತ್ತರಪತ್ರಿಕೆ ಬೇರೆ ಬೇರೆಯಾಗಿ ತಿದ್ದಿ, ಆಮೇಲೆ ಅಂಕ ಹೋಲಿಸಿ ನೋಡಿದರೆ ಒಂದೇ ಮಧ್ಯಾಹ್ನದಲ್ಲಿ ಕಲಿಯುವುದು ಬಹಳ ಇರುತ್ತದೆ. ಹೊಸಬರಷ್ಟೇ ಅಲ್ಲ, ಸೀನಿಯರ್‌ಗಳೂ ಬೆಚ್ಚಿಬೀಳಬಹುದು.

ಕಾಲೇಜುಗಳ ಕಡೆಯಿಂದ ಒಂದು ನ್ಯಾಯವಾದ ದೂರಿದೆ. ಇಷ್ಟೆಲ್ಲ ಮಾಡಿ ತಯಾರು ಮಾಡಿದವರು ಒಂದು ವರ್ಷಕ್ಕೆ ಬಿಟ್ಟು ಹೋಗುತ್ತಾರೆ ಅನ್ನುತ್ತಾರೆ. ಹೋಗುತ್ತಾರೆ, ನಿಜ. ಬೆಂಗಳೂರಿನಲ್ಲಿ ಫಾರ್ಮಕೊವಿಜಿಲೆನ್ಸ್ (ಔಷಧಿಗಳ ಅಡ್ಡಪರಿಣಾಮದ ಮೇಲೆ ನಿಗಾ), ಕ್ಲಿನಿಕಲ್ ರಿಸರ್ಚ್ ಕಂಪನಿಗಳು ಎಂ.ಫಾರ್ಮ್ ಓದಿದವರಿಗೆ ಕಾಯುತ್ತಿರುತ್ತವೆ. ಸಂಬಳ ಸರಿಯಿಲ್ಲದಿದ್ದರೆ ಯಾವ ಓರಿಯೆಂಟೇಷನ್ನೂ ಯಾರನ್ನೂ ಹಿಡಿದಿಡುವುದಿಲ್ಲ, ಈ ವಿಷಯದಲ್ಲಿ ಸುತ್ತಿಬಳಸಿ ಮಾತಾಡುವುದು ಬೇಡ. ಆದರೆ ಎಲ್ಲರೂ ಸಂಬಳಕ್ಕಾಗಿಯೇ ಬಿಡುವುದಿಲ್ಲ. ಮೊದಲ ವರ್ಷ ದಿನಾ ಸೋತ ಭಾವನೆಯಲ್ಲಿ ಮನೆಗೆ ಹೋಗಿ, ಇದು ನನ್ನ ಕೈಲಾಗುವ ಕೆಲಸವಲ್ಲ ಅಂತ ಬಿಟ್ಟವರೂ ಇದ್ದಾರೆ. ಅವರಲ್ಲಿ ಕೆಲವರು ಒಳ್ಳೆಯ ಟೀಚರ್ ಆಗಬಹುದಿತ್ತು.

ಇದನ್ನು ಬದಲಿಸಲು ಪಿಸಿಐಗೆ ಹೊಸ ಕಾಯ್ದೆ ಬೇಕಿಲ್ಲ. ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಫಾರ್ಮಸಿ ಟೀಚರ್‌ಗಳ ಸಂಘ ಎಪಿಟಿಐ ದಶಕಗಳಿಂದ ಫಾರ್ಮಸಿ ಶಿಕ್ಷಣದ ಜರ್ನಲ್ ನಡೆಸುತ್ತಿದೆ. ಮೆಡಿಕಲ್‌ನ ಬೇಸಿಕ್ ಕೋರ್ಸಿನ ಮಾದರಿಯಲ್ಲಿ ಫಾರ್ಮಸಿಗೆ ತಕ್ಕ ಒಂದನ್ನು ರೂಪಿಸುವ ಜನ ಅಲ್ಲಿದ್ದಾರೆ. ಅದನ್ನು ಬಡ್ತಿಗೆ ಕಡ್ಡಾಯ ಮಾಡಿದರೆ ಒಂದು ಹೆಜ್ಜೆ. ಎರಡನೆಯದು ಇನ್‌ಸ್ಪೆಕ್ಷನ್ ಫಾರ್ಮ್. ಕಾಲೇಜುಗಳು ಹೆದರುವುದು ಅದೊಂದಕ್ಕೇ. ತಕ್ಕಡಿ ಎಷ್ಟು, ಮೈಕ್ರೋಸ್ಕೋಪ್ ಎಷ್ಟು, ಲ್ಯಾಬ್ ಎಷ್ಟು ಚದರ ಮೀಟರ್ ಅಂತೆಲ್ಲ ಕೇಳುವ ಆ ಫಾರ್ಮ್‌ನಲ್ಲಿ ಇನ್ನೂ ಎರಡು ಸಾಲು ಸೇರಲಿ. ಈ ವರ್ಷ ಸೇರಿದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ವಾರಕ್ಕೆ ಎಷ್ಟು ಗಂಟೆ ಕೊಟ್ಟಿರಿ? ಅವರ ಕ್ಲಾಸಿನಲ್ಲಿ ಹಿಂದೆ ಕೂತು ನೋಡಿದವರು ಯಾರು?

ಇದಕ್ಕೂ ಸುಳ್ಳು ರಿಜಿಸ್ಟರ್ ಹುಟ್ಟಿಕೊಳ್ಳಬಹುದು. ಹಿಂದಿನ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ ಇಡೀ ವರ್ಷದ ಸಹಿ ಹಾಕುವ ಕಲೆ ನಮಗೆ ಹೊಸದಲ್ಲ. ಹಾಗಾಗಿ ಇನ್‌ಸ್ಪೆಕ್ಟರ್‌ಗಳು ರಿಜಿಸ್ಟರ್ ನೋಡುವ ಬದಲು ಆ ವರ್ಷ ಸೇರಿದ ಒಬ್ಬರನ್ನು ಕರೆದು, ಪ್ರಿನ್ಸಿಪಾಲರನ್ನು ಹೊರಗೆ ಕೂರಿಸಿ, ಹತ್ತು ನಿಮಿಷ ಮಾತಾಡಲಿ.